ಸಾಂಬಾ ಶಾಲೆಯೂ ಗರಡಿಯ ಮನೆಯೂ

'ಶಾಲೆ' ಎಂಬ ಶಬ್ದದ ನೆರಳಿನಲ್ಲಿಯೇ ಮೂರೂವರೆ ದಶಕ ಅನ್ನ ಉಂಡವನಿಗೆ, ಆ ಶಬ್ದವನ್ನು ಕುಣಿತದವರು ಎರವಲು ಪಡೆದುದನ್ನು ಕೇಳಿದಾಗ ತುಸು ಕಸಿವಿಸಿಯಾಗುವುದು ಸಹಜ. ಬ್ರೆಜಿಲ್ ದೇಶದ ರಿಯೋ ಡಿ ಜನೈರೊ ನಗರದಲ್ಲಿ, ಕ್ರೈಸ್ತರ ಉಪವಾಸಕಾಲ ಮೊದಲಾಗುವುದಕ್ಕೆ ಮುಂಚೆ, ಕಾರ್ನಿವಲ್ ಎಂಬ ಉತ್ಸವ ನಡೆಯುತ್ತದೆ. ಅದರಲ್ಲಿ ಹಾಡುತ್ತ ಕುಣಿಯುತ್ತ ಮೆರವಣಿಗೆ ಹೊರಡುವ ಕೂಟಗಳಿಗೆ 'ಸಾಂಬಾ ಶಾಲೆ'ಗಳೆಂದು ಹೆಸರು. (ನಮ್ಮ ಸಾಂಬಶಿವನಿಗೂ ಈ ಸಾಂಬಾಕ್ಕೂ ನಂಟಿಲ್ಲ; ಅದು ಆಫ್ರಿಕದ ಭಾಷೆಗಳಿಂದ ಬಂದ ಮಾತೆಂದು ತಿಳಿದವರು ಹೇಳುತ್ತಾರೆ.) ಯಲಹಂಕದ ನಮ್ಮ ಮನೆಯಲ್ಲಿ ದೂರದರ್ಶನದ ಪರದೆಯ ಮೇಲೆ ಇದನ್ನು ಮೊದಲು ಕಂಡಾಗ, ಮಣೆಯಿಲ್ಲದ, ಬಳಪವಿಲ್ಲದ, ಹಾಜರಿಯ ಪುಸ್ತಕವಿಲ್ಲದ ಇದೆಂತಹ ಶಾಲೆಯೆಂದು ನಕ್ಕುಬಿಟ್ಟೆನು. ಆಮೇಲೆ ಕುತೂಹಲ ಹುಟ್ಟಿ, ಸಿಕ್ಕಿದ್ದನ್ನು ಓದಿದೆನು. ಓದುತ್ತ ಹೋದಂತೆ ನಗುವುದಕ್ಕೆ ಕಾರಣ ಉಳಿಯಲಿಲ್ಲ. ನನ್ನದೇ ಒಂದು ಹಳೆಯ ತಪ್ಪು ನೆನಪಿಗೆ ಬಂದಿತು. ಅದನ್ನು ಮುಂದೆ ಅರಿಕೆಮಾಡುವೆನು.

ಹೆಸರಿನ ಕಥೆಯೇ ಸ್ವಾರಸ್ಯವಾಗಿದೆ. 1928ರ ಆಗಸ್ಟಿನಲ್ಲಿ ರಿಯೋದ ಎಸ್ತಾಸಿಯೊ ಎಂಬ ಕೇರಿಯಲ್ಲಿ ಇಸ್ಮಾಯೆಲ್ ಸಿಲ್ವ ಮೊದಲಾದ ಹಾಡುಗಾರರು ಒಂದು ಕೂಟ ಕಟ್ಟಿ, ಅದಕ್ಕೆ 'ದೆಯ್ಶಾ ಫಲಾರ್' ಎಂದು ಹೆಸರಿಟ್ಟರು. 'ಆಡಿಕೊಳ್ಳುವವರು ಆಡಿಕೊಳ್ಳಲಿ ಬಿಡು' ಎಂಬುದು ಅದರ ತಾತ್ಪರ್ಯ. ಹತ್ತಿರದಲ್ಲಿಯೇ ಉಪಾಧ್ಯಾಯರನ್ನು ತರಬೇತು ಮಾಡುವ ನಾರ್ಮಲ್ ಸ್ಕೂಲ್ ಇತ್ತಂತೆ. ಅಲ್ಲಿಂದ ಮೇಷ್ಟರುಗಳು ಹೊರಡುವುದಾದರೆ ಇಲ್ಲಿಂದಲೂ ಸಾಂಬಾದ ಮೇಷ್ಟರುಗಳು ಹೊರಡುತ್ತಾರೆ, ಆದಕಾರಣ ನಮ್ಮದೂ ಶಾಲೆಯೇ ಎಂಬುದು ಸಿಲ್ವನು ಮುಂದೆ ಕೊಟ್ಟ ವಿವರಣೆ. ಇದರಲ್ಲಿ ಹಾಸ್ಯವೆಷ್ಟು, ಅಭಿಮಾನವೆಷ್ಟು ಎಂಬುದನ್ನು ವಾಚಕರೇ ತೂಗಿ ನೋಡಬೇಕು. ಬ್ರೆಜಿಲಿನಲ್ಲಿ ದಾಸ್ಯಪದ್ಧತಿ ರದ್ದಾದುದು 1888ರಲ್ಲಿ. ಬಿಡುಗಡೆ ಹೊಂದಿದವರಿಗೆ ಭೂಮಿಯೂ ದೊರೆಯಲಿಲ್ಲ, ವಿದ್ಯೆಯೂ ದೊರೆಯಲಿಲ್ಲ. ಬಾಹಿಯಾ ಪ್ರಾಂತದಿಂದ ರಾಜಧಾನಿಗೆ ಬಂದು ನೆಲಸಿದ ಸೀಯಾತಾ ಎಂಬ ವೃದ್ಧೆಯಂಥವರ ಮನೆಗಳಲ್ಲಿ ಹಾಡುಕುಣಿತಗಳು ಬೆಳೆದವು. ಬೀದಿಯಲ್ಲಿ ತಮಟೆ ಹಿಡಿದವನನ್ನು ಪೋಲೀಸರು ಪುಂಡನೆಂದು ಎಳೆದೊಯ್ಯುತ್ತಿದ್ದ ಕಾಲವದು. ಅಂಥವರು ತಮ್ಮ ಕೂಟವನ್ನು ಶಾಲೆಯೆಂದು ಕರೆದುಕೊಂಡುದು, ನಮಗೆ ನೀವು ಕೊಡದೆ ಹೋದುದನ್ನು ನಾವೇ ಮಾಡಿಕೊಂಡೆವು ಎಂದಂತೆ ನನಗೆ ಕೇಳಿಸುತ್ತದೆ.

ನಾಲ್ಕೇ ವರ್ಷದಲ್ಲಿ, ಎಂದರೆ 1932ರಲ್ಲಿ, ಒಂದು ಕ್ರೀಡಾಪತ್ರಿಕೆಯವರು ಈ ಶಾಲೆಗಳ ನಡುವೆ ಪಂದ್ಯವನ್ನು ಏರ್ಪಡಿಸಿದರು. ಮಾಂಗೇರಾ ಗುಡ್ಡದ ಶಾಲೆ ಗೆದ್ದಿತು. 1935ರಲ್ಲಿ ನಗರಸಭೆಯ ಮನ್ನಣೆಯೂ ಧನಸಹಾಯವೂ ಒದಗಿದವು. 1984ರಲ್ಲಿ ಶಿಲ್ಪಿ ಆಸ್ಕರ್ ನೀಮೆಯರ್ ಕಲ್ಪಿಸಿದ, ಸುಮಾರು 700 ಮೀಟರ್ ಉದ್ದದ ಮೆರವಣಿಗೆಯ ಬೀದಿಯೇ ಕಾಂಕ್ರೀಟಿನ ಮೆಟ್ಟಿಲುಗಳ ಸಮೇತ ಎದ್ದು ನಿಂತಿತು. ಇಷ್ಟು ಇತಿಹಾಸ ಸಾಕು. ವಿಮರ್ಶೆಗೆ ಬೇಕಾದುದು ಶಾಲೆಯ ಒಳಗಿನ ವ್ಯವಹಾರ.

ಪ್ರತಿವರ್ಷ ಶಾಲೆಯು ಒಂದು ಕಥಾವಸ್ತುವನ್ನು ಆರಿಸುತ್ತದೆ. ಅದರ ಮೇಲೆ ಆ ಶಾಲೆಗೆ ಸೇರಿದ ಕವಿಗಳು ಹಾಡು ಕಟ್ಟಿ, ತಮ್ಮತಮ್ಮಲ್ಲಿಯೇ ಸ್ಪರ್ಧಿಸುತ್ತಾರೆ. ಶಾಲೆಯ ಅಂಗಳದಲ್ಲಿ ಜನರ ಎದುರಿಗೆ ವಾರವಾರವೂ ಹಾಡಿಸಿ ಕೊನೆಗೆ ಒಂದನ್ನು ಉಳಿಸಿಕೊಳ್ಳುವುದು ಪದ್ಧತಿ. ಉತ್ಸವದ ರಾತ್ರಿ ಸಾವಿರಾರು ಮಂದಿ ಆ ಒಂದೇ ಹಾಡನ್ನು ಗಂಟೆಗೂ ಮಿಕ್ಕು ಮತ್ತೆ ಮತ್ತೆ ಹಾಡಬೇಕು. ಒಬ್ಬ ರಸಿಕನು ಏಕಾಂತದಲ್ಲಿ ಒಮ್ಮೆ ಓದಿ ಮೆಚ್ಚಿದರೆ ಇಲ್ಲಿ ಸಾಲದು. ನೂರನೆಯ ಸಲ ಹಾಡುವವನ ಕಾಲು ಕೂಡ ಸೋಲಬಾರದು. ಛಂದಸ್ಸಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆಯನ್ನು ನಾನು ಕಂಡಿಲ್ಲ. ಹಾಡಿನ ಕಡೆ ಹೀಗಾದರೆ, ತಾಳದ ಕಡೆ ಇನ್ನೂರು ಮುನ್ನೂರು ಮಂದಿಯ ಮೇಳ. ಮಕ್ಕಳು ಹಿರಿಯರ ಪಕ್ಕದಲ್ಲಿ ನಿಂತು ಕಿವಿಯಿಂದಲೂ ಕೈಯಿಂದಲೂ ಕಲಿಯುತ್ತಾರೆ, ಪುಸ್ತಕದಿಂದಲ್ಲ. ಶಾಲೆಯ ಧ್ವಜವನ್ನು ಹಿಡಿದು ಸುತ್ತುವ ಸ್ತ್ರೀಗೂ, ಅವಳನ್ನು ಕಾಯುತ್ತ ಕುಣಿಯುವ ಪುರುಷನಿಗೂ ಬೇರೆಯಾದ ಶಿಕ್ಷಣವುಂಟು. ಧ್ವಜವು ಮುದುಡಿ ಕೋಲಿಗೆ ಸುತ್ತಿಕೊಳ್ಳಬಾರದು, ನೆಲ ಮುಟ್ಟಬಾರದು.

ಈ ಧ್ವಜದ ಪ್ರಸಂಗ ಬಂದಾಗಲೇ ನನಗೆ ನಮ್ಮ ಪೇಟೆಯ ಕರಗ ಕಣ್ಣ ಮುಂದೆ ನಿಂತಿತು. ಬೆಂಗಳೂರಿನ ತಿಗಳರಪೇಟೆಯ ಧರ್ಮರಾಯಸ್ವಾಮಿಯ ಗುಡಿಯಲ್ಲಿ ಧ್ವಜಾರೋಹಣದಿಂದ ಮೊದಲಾಗಿ, ಹಸಿಕರಗವು ಮುಗಿದು, ಚೈತ್ರಶುದ್ಧ ಪೌರ್ಣಮಿಯ ರಾತ್ರಿ ಹೊರಡುವ ಕರಗವನ್ನು ನಮ್ಮ ವಾಚಕರಲ್ಲಿ ನೋಡದವರು ವಿರಳ. ಅರಿಸಿನ ಬಣ್ಣದ ಸೀರೆ, ಬಳೆ, ತಾಳಿಗಳನ್ನು ತೊಟ್ಟು, ಮಲ್ಲಿಗೆಯ ಗೋಪುರವನ್ನು ತಲೆಯ ಮೇಲೆ ಕೈ ಸೋಕಿಸದೆ ಹೊತ್ತು, ಬೆಳಗಿನವರೆಗೂ ಪೇಟೆಯ ಬೀದಿಗಳಲ್ಲಿ ನಡೆಯುವ ಆ ಪುರುಷನನ್ನು ನಾವೆಲ್ಲರೂ ನೋಡಿದ್ದೇವೆ. ಅವನನ್ನು ಸುತ್ತುವರಿದು ಒರೆಗಳಚಿದ ಕತ್ತಿ ಹಿಡಿದು ಗೋವಿಂದನಾಮ ಕೂಗುವ ವೀರಕುಮಾರರನ್ನೂ ನೋಡಿದ್ದೇವೆ. ಮೆರವಣಿಗೆಯು ದಾರಿಯಲ್ಲಿ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಹೋಗಿ ಬರುವುದನ್ನು ಊರಿಗೆ ಬಂದ ನೆಂಟರಿಗೆ ಹೆಮ್ಮೆಯಿಂದ ಹೇಳುತ್ತೇವೆ. ನಾವು ನೋಡದಿರುವುದು ಒಂದೇ: ಗರಡಿ.

ಹಳಗನ್ನಡದಲ್ಲಿ ಗರುಡಿಯೆಂದರೆ ಶಸ್ತ್ರಾಭ್ಯಾಸದ ಸ್ಥಳ. ದ್ರೋಣಾಚಾರ್ಯರು ರಾಜಕುಮಾರರಿಗೆ ಬಿಲ್ಲು ಹಿಡಿಸಿದುದು ಗರುಡಿಯಲ್ಲಿಯೇ ಎಂದು ನಮ್ಮವರು ಹೇಳುವುದು ವಾಡಿಕೆ. ಪೇಟೆಯ ಗರಡಿಯ ಮನೆಗಳಲ್ಲಿ ಕೆಮ್ಮಣ್ಣಿನ ಅಖಾಡ, ಗೋಡೆಗೊಂದು ದೇವರ ಪಟ, ಮೂಲೆಯಲ್ಲಿ ಗದೆ, ಲೋಡು. ಕೇರಿಯ ಹುಡುಗರು ಅಲ್ಲಿ ಸಾಮು ಮಾಡಿ ಮೈ ಹದಗೊಳಿಸಿಕೊಂಡು, ಹಿರಿಯರಿಂದ ಕತ್ತಿ ಹಿಡಿಯುವ ಕ್ರಮವನ್ನೂ ದೀಕ್ಷೆಯ ನಿಯಮವನ್ನೂ ಕಲಿತು, ಆಮೇಲೆ ವೀರಕುಮಾರರಾಗುತ್ತಾರೆ. ಉತ್ಸವವು ಒಂದು ರಾತ್ರಿಯದಾದರೆ ಅದರ ಪಾಠ ವರ್ಷದ್ದು. ಒಂದು ಕೇರಿ, ಒಂದು ಅಂಗಳ, ಹಿರಿಯರ ಪಕ್ಕದಲ್ಲಿ ನಿಂತು ಕಲಿಯುವ ಕಿರಿಯರು, ಬೀಳದಂತೆ ಕಾಯತಕ್ಕ ಒಂದು ಪವಿತ್ರ ವಸ್ತು: ರಿಯೋದವರು ಶಾಲೆಯೆಂದು ಕರೆದುದಕ್ಕೂ ಇದಕ್ಕೂ ಲಕ್ಷಣದಲ್ಲಿ ಭೇದವೇನು? ಅವರದು ಉಲ್ಲಾಸ, ನಮ್ಮದು ವ್ರತ ಎಂಬ ಭೇದವುಂಟು. ಅದು ದೊಡ್ಡ ಭೇದವೇ ಸರಿ. ಕಾರ್ನಿವಲ್ಲಿನ ಮೈಮರೆವನ್ನು ಕರಗದಲ್ಲಿ ಹುಡುಕುವವನು ನಿರಾಶನಾಗುವನು. ಆದರೆ ಕಲಿಸುವ ಬಗೆ ಒಂದೇ.

ಈಗ ನನ್ನ ತಪ್ಪಿನ ವಿಷಯ. ಬಹಳ ವರ್ಷಗಳ ಹಿಂದೆ, ಹೆಬ್ಬಾಳದ ಆಚೆಯ ತರಕಾರಿ ತೋಟವೊಂದರಿಂದ ಬರುತ್ತಿದ್ದ ತಿಗಳರ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದನು. ವಾರ್ಷಿಕ ಪರೀಕ್ಷೆಯೂ ಕರಗವೂ ಒಂದೇ ಸಮಯಕ್ಕೆ ಬರುವುದು ನಮ್ಮೂರಿನ ವಿಶೇಷವಷ್ಟೆ. ಪ್ರಶ್ನಪತ್ರಿಕೆಯಲ್ಲಿ ಪಾಂಡವರ ಮಹಾಪ್ರಸ್ಥಾನವನ್ನು ವಿವರಿಸಿರೆಂದು ನಾನೇ ಕೇಳಿದ್ದೆನು. ಹುಡುಗನು ಎರಡು ಪುಟ ಬರೆದಿದ್ದನು. ದ್ರೌಪದಿಯು ದಾರಿಯಲ್ಲಿ ಬಿದ್ದಳೆಂಬುದರ ತನಕ ಸರಿಯಾಗಿಯೇ ಇತ್ತು. ಆಮೇಲೆ, ಪಾಂಡವರು ಹಿಂತಿರುಗಿ ನೋಡದೆ ಹೊರಟುಹೋದರೆಂದೂ, ಒಬ್ಬಳೇ ಉಳಿದ ತಾಯಿಯ ಮೇಲೆ ತಿಮಿರಾಸುರನೆಂಬ ರಕ್ಕಸನು ಬಂದನೆಂದೂ, ಅವಳು ಆದಿಶಕ್ತಿಯ ರೂಪ ತಾಳಿ ವೀರಕುಮಾರರನ್ನು ಹುಟ್ಟಿಸಿ ಅವನನ್ನು ಕೊಲ್ಲಿಸಿದಳೆಂದೂ, ತಮ್ಮನ್ನು ಬಿಟ್ಟು ಹೋಗಬೇಡವೆಂದು ಮಕ್ಕಳು ಬೇಡಿಕೊಂಡಾಗ ವರ್ಷಕ್ಕೊಮ್ಮೆ ಬರುವೆನೆಂದು ಮಾತು ಕೊಟ್ಟಳೆಂದೂ ಬರೆದಿದ್ದನು. ನಾನು ಆ ಭಾಗಕ್ಕೆ ಅಡ್ಡಗೆರೆ ಎಳೆದು ಸೊನ್ನೆ ಹಾಕಿದೆನು. ಕರೆದು, "ಇದು ಭಾರತದಲ್ಲಿ ಎಲ್ಲಿದೆಯೋ?" ಎಂದು ಗದರಿಸಿದೆನು. "ನಮ್ಮ ಮನೇಲಿ ಹೀಗೇ ಹೇಳ್ತಾರೆ, ಸಾ" ಎಂದನು. ಅಷ್ಟೇ; ಮುಂದೆ ಮಾತಾಡಲಿಲ್ಲ. ಆ ವರ್ಷ ಪೌರ್ಣಮಿಯ ರಾತ್ರಿ ಪೇಟೆಯ ಇಕ್ಕಟ್ಟಿನ ಬೀದಿಯೊಂದರಲ್ಲಿ, ಪೇಟ ಸುತ್ತಿ ಕತ್ತಿ ಹಿಡಿದ ಗುಂಪಿನಲ್ಲಿ ಅವನನ್ನು ಕಂಡೆನು. ನನ್ನನ್ನು ನೋಡಿಯೂ ನೋಡದವನಂತೆ ಮುಂದೆ ಹೋದನು. ವೀರಕುಮಾರನಾದವನು ಆ ಹೊತ್ತಿನಲ್ಲಿ ಕರಗದ ಮೇಲಣ ದೃಷ್ಟಿಯನ್ನು ಮೇಷ್ಟರಿಗಾಗಿ ಕೀಳುವಂತಿಲ್ಲವೆಂದು ಈಗ ತಿಳಿದಿದೆ.

ವ್ಯಾಸಭಾರತದಲ್ಲಿ ತಿಮಿರಾಸುರನಿಲ್ಲ, ಅದು ಸತ್ಯ. ಪಾಠಶಾಲೆಯಲ್ಲಿ ನಾವು ಕಲಿತ ಮಾತಿನಲ್ಲಿ ಹೇಳುವುದಾದರೆ ಇದು ಕ್ಷೇಪಕ. ಆದರೆ ಯಾವ ಸ್ಥಳದಲ್ಲಿ ಕ್ಷೇಪಿಸಲ್ಪಟ್ಟಿದೆಯೆಂಬುದನ್ನು ಗಮನಿಸಬೇಕು. ಮಹಾಪ್ರಸ್ಥಾನದಲ್ಲಿ ಮೊದಲು ಬೀಳುವವಳು ದ್ರೌಪದಿ. ಭೀಮನು ಕಾರಣ ಕೇಳುತ್ತಾನೆ. ಅವಳಿಗೆ ಅರ್ಜುನನಲ್ಲಿ ಪಕ್ಷಪಾತವಿತ್ತೆಂದು ಉತ್ತರ ಕೊಟ್ಟು ಧರ್ಮರಾಯನು ಮುಂದಕ್ಕೆ ನಡೆಯುತ್ತಾನೆ. ಜೀವಮಾನವೆಲ್ಲ ಕಷ್ಟದಲ್ಲಿ ಜೊತೆಯಾದವಳ ಬಗೆಗೆ ಕಾವ್ಯವು ಅಲ್ಲಿ ಹೇಳುವುದು ಅಷ್ಟೇ. ಓದುವ ಯಾವನಿಗಾದರೂ ಅಲ್ಲಿ ಎದೆ ಕಲಕುತ್ತದೆ. ನಾವು ಅದನ್ನು ಶಾಂತರಸದ ಹೆಸರು ಹೇಳಿ ದಾಟಿಬಿಡುತ್ತೇವೆ. ತಿಗಳರು ದಾಟಲಿಲ್ಲ. ಕಾವ್ಯವು ದಾರಿಯಲ್ಲಿ ಬಿಟ್ಟುಹೋದ ತಾಯಿಯನ್ನು ಅವರು ಎತ್ತಿಕೊಂಡರು, ಅವಳಿಗೆ ಮಕ್ಕಳಾದರು. ಗುಡಿಯು ಧರ್ಮರಾಯನ ಹೆಸರಿನದು, ಉತ್ಸವವು ಅವಳದು. ಇದು ಅಜ್ಞಾನದ ಸೇರ್ಪಡೆಯಲ್ಲ. ಕಾವ್ಯದ ಮೇಲಣ ಒಂದು ವಿಮರ್ಶೆ, ಅದೂ ಬರಿಯ ಮಾತಿನಿಂದಲ್ಲ, ಮೈಯಿಂದ ಮಾಡಿದ ವಿಮರ್ಶೆ.

ಸಾಂಬಾ ಶಾಲೆಗಳ ಉತ್ತಮ ಕೃತಿಗಳಲ್ಲಿಯೂ ನಾನು ಕಾಣುವುದು ಇದನ್ನೇ. 1960ರಲ್ಲಿ ಸಾಲ್ಗೇರೊ ಎಂಬ ಶಾಲೆಯು ರಾಜರನ್ನೂ ಸೇನಾಪತಿಗಳನ್ನೂ ಬಿಟ್ಟು, ಓಡಿಹೋದ ದಾಸರು ಕಾಡಿನಲ್ಲಿ ಕಟ್ಟಿದ ಪಾಲ್ಮಾರೆಸ್ ಎಂಬ ರಾಜ್ಯವನ್ನು ವಸ್ತುವಾಗಿ ತೆಗೆದುಕೊಂಡಿತು. 2019ರಲ್ಲಿ ಮಾಂಗೇರಾ ಶಾಲೆಯು ಲೆಯಾಂದ್ರೊ ವಿಯೇರಾ ಎಂಬ ಕಲಾನಿರ್ದೇಶಕನ ಕೈಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಠ್ಯಪುಸ್ತಕದ ಇತಿಹಾಸವೆಲ್ಲ ದೊಡ್ಡವರನ್ನು ನಿದ್ದೆಮಾಡಿಸುವ ಜೋಗುಳವೆಂದು ಸಾರಿ, ಪುಸ್ತಕದಲ್ಲಿ ಹೆಸರಿಲ್ಲದ ಮೂಲನಿವಾಸಿಗಳನ್ನೂ ಕರಿಯರನ್ನೂ ಬಡವರನ್ನೂ ಬೀದಿಗೆ ತಂದಿತು. ದೇಶದ ಬಾವುಟವನ್ನೇ ತನ್ನ ಹಸುರು ಗುಲಾಬಿ ಬಣ್ಣಗಳಲ್ಲಿ ಬರೆದು, ನಡುವಣ ಧ್ಯೇಯವಾಕ್ಯದ ಸ್ಥಳದಲ್ಲಿ ಆ ಮೂವರ ಹೆಸರನ್ನು ಇಟ್ಟಿತು. ಆ ವರ್ಷ ಗೆದ್ದುದೂ ಅದೇ ಶಾಲೆ. ನಿವೃತ್ತನಾದ ಉಪಾಧ್ಯಾಯನೊಬ್ಬನು ಅದನ್ನು ನೋಡುತ್ತ ಕುಳಿತಾಗ ಯಾವ ಅಡ್ಡಗೆರೆ ಅವನ ಕಣ್ಣಿಗೆ ಕಟ್ಟಿತೆಂದು ಬೇರೆ ಹೇಳಬೇಕಾಗಿಲ್ಲ.

ಅಂಕಗಳ ಪ್ರಶ್ನೆ ಇಲ್ಲಿ ಏಳುತ್ತದೆ. ರಿಯೋದಲ್ಲಿ ಒಂಬತ್ತು ಅಂಗಗಳಿಗೆ ಬೇರೆಬೇರೆ ತೀರ್ಪುಗಾರರು: ತಾಳಮೇಳ, ಹಾಡು, ಕಥಾವಸ್ತು, ವೇಷ, ರಥಗಳು, ಧ್ವಜದ ದಂಪತಿಗಳು ಇತ್ಯಾದಿ. ಒಂದು ಅಂಕದ ಹತ್ತನೆಯ ಒಂದು ಪಾಲಿನಿಂದ ಸೋಲುಗೆಲವು ತೀರ್ಮಾನವಾಗುವುದುಂಟು. ಇದನ್ನು ಹೊಸ ಕಾಲದ ಹುಚ್ಚೆಂದು ತಳ್ಳುವವರಿಗೆ ಭರತಮುನಿಯ ನಾಟ್ಯಶಾಸ್ತ್ರದ 27ನೆಯ ಅಧ್ಯಾಯವನ್ನು ನೆನಪಿಸಬೇಕು. ಅಲ್ಲಿ ನಟರ ನಡುವಣ ಪಂದ್ಯವುಂಟು, ತೀರ್ಪು ಹೇಳುವ ಪ್ರಾಶ್ನಿಕರುಂಟು, ಗುಣದೋಷಗಳನ್ನು ಬರೆದುಕೊಳ್ಳುವ ಲೇಖಕನೂ ಎಣಿಸುವ ಗಣಕನೂ ಉಂಟು, ಗೆದ್ದವನಿಗೆ ಪತಾಕೆಯುಂಟು. ಪ್ರಾಶ್ನಿಕರಲ್ಲಿ ಯಜ್ಞವನ್ನು ಬಲ್ಲವನು, ನರ್ತಕ, ಛಂದೋವಿದ, ಬಿಲ್ಲುಗಾರ, ಚಿತ್ರಕಾರ, ಗಾಯಕ, ಕಡೆಗೆ ವೇಶ್ಯೆ ಕೂಡ. ತನಗೆ ತಿಳಿದ ಅಂಗಕ್ಕೆ ಮಾತ್ರ ಅವರವರು ತೀರ್ಪು ಹೇಳತಕ್ಕದ್ದು. ಒಟ್ಟು ಹತ್ತು ಬಗೆ. ರಿಯೋದವರು ಒಂಬತ್ತರಲ್ಲಿ ನಿಲ್ಲಿಸಿದ್ದಾರೆ.

ಆದರೆ ಅದೇ ಅಧ್ಯಾಯದಲ್ಲಿ ಮುನಿಯು ಸಿದ್ಧಿಯನ್ನು ಎರಡಾಗಿ ವಿಂಗಡಿಸಿರುವನು. ನೋಟಕರು ನಗುವುದು, ಭಲೇ ಎನ್ನುವುದು, ರೋಮಾಂಚಗೊಂಡು ಎದ್ದು ನಿಲ್ಲುವುದು ಮಾನುಷೀ ಸಿದ್ಧಿ. ರಂಗಸ್ಥಳ ತುಂಬಿರಬೇಕು, ಶಬ್ದವಿರಬಾರದು, ಕ್ಷೋಭೆಯಿರಬಾರದು: ಅದು ದೈವೀ ಸಿದ್ಧಿ. ಮೊದಲನೆಯದನ್ನು ಎಣಿಸಬಹುದು. ಎರಡನೆಯದನ್ನು ಯಾವ ಗಣಕನು ಎಣಿಸಬಲ್ಲನು? ಸಾಂಬಾ ಮೇಳದಲ್ಲಿ ಒಂದು ಚಮತ್ಕಾರವುಂಟು: ನೂರಾರು ವಾದ್ಯಗಳು ಒಮ್ಮೆಲೆ ನಿಂತುಬಿಡುತ್ತವೆ, ಕೆಲವು ಕ್ಷಣ ಬರಿಯ ಜನದ ಕಂಠ ಮಾತ್ರ ಕೇಳುತ್ತದೆ, ಮತ್ತೆ ತಾಳ ತಪ್ಪದೆ ಮೇಳ ಬಂದು ಕೂಡಿಕೊಳ್ಳುತ್ತದೆ. ತಪ್ಪಿದರೆ ಅಂಕ ಹೋಯಿತು. ಆದರೂ ಮೇಳದ ಮುಖ್ಯಸ್ಥರು ಆ ಸಾಹಸವನ್ನು ಬಿಡುವುದಿಲ್ಲ. ಕರಗದಲ್ಲಿ ನಡುರಾತ್ರಿ ಕಳೆದ ಮೇಲೆ ಗುಡಿಯ ಬಾಗಿಲಿನಲ್ಲಿ ಮಲ್ಲಿಗೆಯ ಬಿಳುಪು ಮೊದಲು ಕಾಣುತ್ತದಲ್ಲ, ಗೋವಿಂದನಾಮದ ಘೋಷ ಏಳುವುದಕ್ಕೆ ಒಂದು ಉಸಿರಿನಷ್ಟು ಮುಂಚೆ, ಲಕ್ಷ ಜನ ಸುಮ್ಮನಾದುದನ್ನು ನಾನು ಕೇಳಿದ್ದೇನೆ. ಸುಮ್ಮನಿರುವುದನ್ನು ಕೇಳುವುದು ಹೇಗೆಂದು ಕೇಳುವವರು ಒಮ್ಮೆ ಅಲ್ಲಿ ನಿಂತು ನೋಡಲಿ.

ಅಂಕವು ಏನು ಮಾಡುತ್ತದೆಂಬುದನ್ನು ನಮ್ಮ ನಾಡಿನಲ್ಲಿಯೇ ನೋಡಬೇಕಾದರೆ ಮಡಿಕೇರಿಯ ದಸರೆಗೆ ಹೋಗಬೇಕು. ಅಲ್ಲಿ ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕೋಟೆ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ ಎಂಬ ನಾಲ್ಕು ಕರಗಗಳು ಪಂಪಿನಕೆರೆಯಿಂದ ಹೊರಟು ಊರು ಸುತ್ತುತ್ತವೆ. ವಿಜಯದಶಮಿಯ ರಾತ್ರಿ ಹತ್ತು ದೇವಾಲಯಗಳ ದಶಮಂಟಪಗಳು ಬೀದಿಗಿಳಿಯುತ್ತವೆ. ಒಂದೊಂದರ ಮೇಲೂ ಒಂದು ಪುರಾಣಕಥೆ. ಕೈಕಾಲಾಡಿಸುವ ಮೂರ್ತಿಗಳು, ದೀಪ, ಧ್ವನಿ, ಹೊಗೆ. ತೀರ್ಪುಗಾರರು ನೋಡಿ ಬಹುಮಾನ ಕೊಡುತ್ತಾರೆ. ರಿಯೋದ ರಥಗಳಿಗೆ ನಮ್ಮಲ್ಲಿ ಇಷ್ಟು ಹತ್ತಿರದ ಸಾಟಿ ಬೇರೊಂದಿಲ್ಲ. ಮಡಿಕೇರಿಯ ಯುವಕರ ಯಂತ್ರಕೌಶಲವನ್ನು ಮೆಚ್ಚದಿರಲಾರೆನು. ಆದರೂ ನನ್ನ ಅಭಿಪ್ರಾಯವನ್ನು ಮರೆಮಾಚಲಾರೆನು. ಸಂಹಾರದ ಕಥೆಗಳೇ ಮೇಲಿಂದ ಮೇಲೆ ಬರುತ್ತವೆ, ಏಕೆಂದರೆ ಅಸುರನು ಬೀಳುವುದು ದೂರಕ್ಕೆ ಕಾಣುತ್ತದೆ. ಭಕ್ತನು ಕರಗುವುದು ಕಾಣುವುದಿಲ್ಲ. ಅಂಕ ಸಿಕ್ಕುವ ಕಡೆಗೆ ಪಾಠ ವಾಲುತ್ತದೆಂಬುದನ್ನು ಮೇಷ್ಟರಾಗಿದ್ದವರಿಗೆ ಯಾರೂ ಕಲಿಸಬೇಕಾಗಿಲ್ಲ. ಅಲ್ಲಿಯ ಕರಗಗಳಾದರೋ ಯಾವ ಪಂದ್ಯಕ್ಕೂ ಒಳಪಡದೆ ಮನೆಮನೆಯ ಮುಂದೆ ಪೂಜೆಗೊಳ್ಳುತ್ತ ಹೋಗುತ್ತವೆ.

ರಿಯೋದಲ್ಲಿಯೂ ಹಾಗೆ ಅಂಕದಿಂದ ಹೊರಗುಳಿದುದೊಂದುಂಟು. ಬಾಹಿಯಾದ ಅಜ್ಜಿಯರಂತೆ ಲಂಗದ ಘೇರು ಬಿಟ್ಟು ಗಿರಕಿ ಹೊಡೆಯುವ ವೃದ್ಧಸ್ತ್ರೀಯರ ತಂಡವು ಪ್ರತಿ ಶಾಲೆಯಲ್ಲಿಯೂ ಇರಲೇಬೇಕೆಂದು ನಿಯಮ. ಆದರೆ ಅವರಿಗೆಂದು ಬೇರೆ ಅಂಕವಿಲ್ಲ. ಮೊದಮೊದಲು ಗಂಡಸರೂ ಆ ವೇಷ ಹಾಕುತ್ತಿದ್ದರಂತೆ. ಕರಗವನ್ನು ಬಲ್ಲ ನಮಗೆ ಅದರಲ್ಲಿ ಸೋಜಿಗವಿಲ್ಲ. ತಮಟೆಯ ಸದ್ದಿಗೆ ಪೋಲೀಸರು ಬರುತ್ತಿದ್ದ ಕಾಲದಲ್ಲಿ ಮನೆಯ ಬಾಗಿಲು ತೆರೆದವರನ್ನು ನೆನೆಯುವುದಕ್ಕೆ ಆ ತಂಡ ಇದೆ.

ದೋಷಗಳನ್ನೂ ಹೇಳದಿದ್ದರೆ ವಿಮರ್ಶೆಯು ಸ್ತೋತ್ರವಾದೀತು. ರಿಯೋದ ಎಷ್ಟೋ ಶಾಲೆಗಳನ್ನು ದಶಕಗಳ ಕಾಲ ಪೋಷಿಸಿದವರು, ನಮ್ಮ ಮಟಕಾದಂತೆ ಪ್ರಾಣಿಗಳ ಹೆಸರಿನ ಮೇಲೆ ಹಣ ಕಟ್ಟಿಸುವ ಅಕ್ರಮ ಜೂಜಿನ ಒಡೆಯರು. ಬೀದಿಗೆ ಮೆಟ್ಟಿಲು ಕಟ್ಟಿದ ಮೇಲೆ ಒಳ್ಳೆಯ ಸ್ಥಳಗಳು ಹಣವಂತರ ಪಾಲಾದವು. ತೀರ್ಪುಗಾರರೂ ಎಡವಿದ್ದಾರೆಂದು ನನ್ನ ಮತ: 1989ರಲ್ಲಿ ಬೇಜಾ ಫ್ಲೋರ್ ಶಾಲೆಗಾಗಿ ಜೊಆಸಿನ್ಯೊ ತ್ರಿಂತಾ ಎಂಬ ಕಲಾವಿದನು ಚಿಂದಿ ಉಟ್ಟ ಭಿಕ್ಷುಕರ ಮೆರವಣಿಗೆಯನ್ನು ರಚಿಸಿದನು. ಭಿಕ್ಷುಕನ ರೂಪದ ಕ್ರಿಸ್ತನ ಮೂರ್ತಿಯನ್ನು ನ್ಯಾಯಾಲಯ ನಿಷೇಧಿಸಲು, ಅದನ್ನು ಕಪ್ಪು ಹಾಳೆಯಲ್ಲಿ ಸುತ್ತಿ ಹಾಗೆಯೇ ನಡೆಸಿದನು. ಅದಕ್ಕೆ ಸಿಕ್ಕಿದುದು ಎರಡನೆಯ ಸ್ಥಾನ. ಇಂದು ಆ ವರ್ಷದ ಮಾತು ಬಂದರೆ ಜನ ನೆನೆಯುವುದು ಆ ಕಪ್ಪು ಮೂರ್ತಿಯನ್ನು. ನಮ್ಮ ಕಡೆಯ ನ್ಯೂನತೆಯೂ ಇದೆ. ರಿಯೋದಲ್ಲಿ 1965ರಷ್ಟು ಹಿಂದೆಯೇ ದೋನಾ ಇವೋನಿ ಲಾರಾ ಎಂಬ ಮಹಿಳೆ ಇಂಪೇರಿಯೊ ಸೆರ್ರಾನೊ ಶಾಲೆಯ ಕವಿಗಳ ಪಂಕ್ತಿಯಲ್ಲಿ ಕುಳಿತಳು. ತಾಯಿಯ ಉತ್ಸವವೆನ್ನುವ ನಾವು ಹೆಣ್ಣುಮಕ್ಕಳಿಗೆ ಆರತಿಯ ತಟ್ಟೆಯನ್ನು ಕೊಟ್ಟು, ಗರಡಿಯ ಹೊಸ್ತಿಲಿನ ಹೊರಗೆ ನಿಲ್ಲಿಸಿದ್ದೇವೆ. ಇನ್ನು ಊರಿನ ದೋಷ ಬೇರೆ. ತಿಗಳರ ತೋಟಗಳಿಗೆ ನೀರುಣಿಸಿದ ಸಂಪಂಗಿ ಕೆರೆಯ ಅಂಗಳದಲ್ಲಿ ಈಗ ಕಂಠೀರವ ಕ್ರೀಡಾಂಗಣ ನಿಂತಿದೆ. ಕರಗದ ವಿಧಿಗೆ ಉಳಿದಿರುವುದು ಒಂದು ಮೂಲೆಯ ಸಣ್ಣ ಕೊಳ. ಹೆಬ್ಬಾಳದ ಆಚೆಯ ಆ ತರಕಾರಿ ತೋಟವೂ ಈಗಿಲ್ಲ. ಅದರ ಮೇಲೆ ಮನೆಗಳೆದ್ದಿವೆ.

ಕರಗಕ್ಕೂ ಮೆಟ್ಟಿಲುಸಾಲು ಕಟ್ಟಿ, ಗರಡಿಗರಡಿಗೆ ಪಂದ್ಯವಿಟ್ಟು, ದೇಶಾಂತರದವರು ನೋಡುವಂತೆ ಮಾಡಬೇಕೆಂದು ಹೇಳುವ ಮಿತ್ರರು ನನಗಿದ್ದಾರೆ. ಅವರ ಉದ್ದೇಶ ಒಳ್ಳೆಯದು. ಆದರೆ ಕರಗದಲ್ಲಿ ಪರೀಕ್ಷೆಯಿಲ್ಲವೆಂದು ಅವರು ತಿಳಿದುಕೊಂಡಿರುವುದು ಸರಿಯಲ್ಲ. ಹೊತ್ತ ಕರಗ ಬೀಳಬಾರದು. ಬಿದ್ದರೆ ಸುತ್ತಲಿನ ಕತ್ತಿಗಳು ಹೊತ್ತವನ ಮೇಲೆಯೇ ತಿರುಗತಕ್ಕವೆಂಬ ನಂಬಿಕೆಯನ್ನು ಪೇಟೆಯಲ್ಲಿ ಇಂದಿಗೂ ಹೇಳುತ್ತಾರೆ. ಉತ್ತೀರ್ಣನಾಗುವುದುಂಟು, ಪ್ರಥಮಸ್ಥಾನವೆಂಬುದಿಲ್ಲ. ಅಂಥ ಪರೀಕ್ಷೆಗೆ ಹತ್ತರಲ್ಲಿ ಒಂಬತ್ತೂವರೆ ಕೊಡಲು ಯಾವ ಪ್ರಾಶ್ನಿಕನನ್ನು ಕೂರಿಸೋಣ? ನಾವು ಮಾಡಬಹುದಾದ ಕೆಲಸ ಬೇರೆ ಇದೆ. ಹೊಸಕೋಟೆ, ಆನೇಕಲ್ಲು, ಕೋಲಾರಗಳಲ್ಲಿಯೂ ಕರಗಗಳುಂಟು; ದ್ರೌಪದಿಯ ಆ ಕಡೆಯ ಕಥೆಯನ್ನು ಒಂದೊಂದು ಊರಿನವರು ಒಂದೊಂದು ಬಗೆಯಲ್ಲಿ ಹೇಳುವುದು ಸಹಜ. ಸಂಘದ ಸದಸ್ಯರಲ್ಲಿ ಆ ಕಡೆಯವರು ತಮ್ಮ ಊರಿನ ಹಿರಿಯರಿಂದ ಅದನ್ನು ಕೇಳಿ, ತಿದ್ದದೆ, ಅವರು ಹೇಳಿದ ಮಾತಿನಲ್ಲಿಯೇ ಬರೆದು ಕಳುಹಿಸಬೇಕಾಗಿ ಬೇಡುತ್ತೇನೆ. ಹೆಬ್ಬಾಳದ ಕಡೆಯ ಪಾಠವನ್ನು ನಾನು ಬರೆದುಕೊಡಬಲ್ಲೆನು. ಎರಡು ಪುಟವಷ್ಟೇ, ನನಗೆ ಬಾಯಿಪಾಠವಾಗಿದೆ.